ಪಿಕಪ್ ಬೆಡ್‌ಗೆ ಹಾರ್ಡ್ ಕವರೋ, ಸಾಫ್ಟ್ ಕವರೋ? ವಿ-ಕ್ರಾಸ್, ಹೈಲಕ್ಸ್ ಇಟ್ಟುಕೊಂಡವರಿಗಾಗಿ

ಇಸುಜು ವಿ-ಕ್ರಾಸ್ ಆಗಲಿ ಟೊಯೊಟಾ ಹೈಲಕ್ಸ್ ಆಗಲಿ, ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಸಾಮಾನು ಹೇರುವ ಹಿಂದಿನ ತೆರೆದ ಬೆಡ್ಡು ಬಾನಿಯಾಗುತ್ತದೆ. ಆಗ ಶುರುವಾಗುವ ವಿಚಾರ ಇದು: ಅಲ್ಯೂಮಿನಿಯಂನ ಹಾರ್ಡ್ ಕವರ್ ಹಾಕಿಸಬೇಕೋ, ವಿನೈಲ್ ಬಟ್ಟೆಯ ಸಾಫ್ಟ್ ಕವರ್ ಸಾಕೋ? ಅಂಗಡಿಯವರು "ಹಾರ್ಡ್ ಭದ್ರ, ಸಾಫ್ಟ್ ಅಗ್ಗ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅರ್ಧ ನಿಜ. ಬೆಡ್ಡಿಗೆ ಏನು ಹಾಕುತ್ತೀರಿ, ಅದು ಎಷ್ಟು ಎತ್ತರ ಬರುತ್ತದೆ, ವಾರಕ್ಕೆ ಎಷ್ಟು ಸಲ ಕವರ್ ತೆಗೆದು ಹಾಕುತ್ತೀರಿ ಎಂಬ ಮೂರು ಲೆಕ್ಕ ಸಿಕ್ಕಿದರೆ ಉತ್ತರ ತಾನೇ ಬರುತ್ತದೆ. ನೀರು, ಧೂಳಿನ ಮಟ್ಟಿಗಂತೂ ಕವರ್ ಗಟ್ಟಿಯೋ ಮೆತ್ತಗೋ ಎನ್ನುವುದು ಅಷ್ಟು ಮುಖ್ಯವಲ್ಲ, ಅದರ ನಾಲ್ಕು ಅಂಚು ಹೇಗೆ ಕೂತಿದೆ ಎನ್ನುವುದೇ ಮುಖ್ಯ.

ದುಡ್ಡು ಕೊಡುವ ಮೊದಲು ಗಾಡಿಯ ತಲೆಮಾರು ಗೊತ್ತಿರಲಿ. ಬ್ರ್ಯಾಂಡಿನ ಕವರುಗಳು ಹೆಚ್ಚಾಗಿ ಥಾಯ್ಲೆಂಡ್, ಆಸ್ಟ್ರೇಲಿಯಾ, ಯುರೋಪಿನ ಗಾಡಿಗಳ ಅಳತೆಗೆ ತಯಾರಾದವು. ಹೊರದೇಶಗಳಲ್ಲಿ ವಿ-ಕ್ರಾಸ್‌ನ ಹೆಸರು ಡಿ-ಮ್ಯಾಕ್ಸ್. 2016ರಲ್ಲಿ ಭಾರತಕ್ಕೆ ಬಂದದ್ದು ಅದರ ಎರಡನೇ ತಲೆಮಾರು. ಥಾಯ್ಲೆಂಡಿನಲ್ಲಿ 2019ರ ಅಕ್ಟೋಬರಿನಲ್ಲಿ ಮೂರನೇ ತಲೆಮಾರು ಬಂತು, ಆದರೆ ಇಲ್ಲಿ 2021ರಲ್ಲಿ ಬಿಎಸ್-6 ಎಂಜಿನ್ ಹೊತ್ತು ಬಂದದ್ದು ಹಳೆಯ ಬಾಡಿಯೇ. ಹೀಗಾಗಿ "2020ರ ನಂತರದ ಡಿ-ಮ್ಯಾಕ್ಸ್‌ಗೆ" ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಕವರ್ ನಿಮ್ಮ 2022ರ ವಿ-ಕ್ರಾಸ್‌ಗೆ ಕೂರುವುದಿಲ್ಲ. ಬೇಕಾದದ್ದು 2019ರವರೆಗಿನ ಡಿ-ಮ್ಯಾಕ್ಸ್ ಡಬಲ್ ಕ್ಯಾಬಿನದು. ಆರ್‌ಸಿಯಲ್ಲಿರುವ ವರ್ಷ ನೋಡಿ ಆರ್ಡರ್ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಬಿಡದಿಯಲ್ಲಿ ತಯಾರಾಗಿ 2022ರಲ್ಲಿ ಮಾರಾಟಕ್ಕೆ ಬಂದ ಹೈಲಕ್ಸ್‌ನದು ಹೊರದೇಶಗಳಲ್ಲಿ 2015ರಿಂದ ಓಡುತ್ತಿದ್ದ ಎಂಟನೇ ತಲೆಮಾರಿನ ಬಾಡಿ. ಥಾಯ್ಲೆಂಡಿನಲ್ಲಿ ಅದರ ಹೆಸರು ರೆವೊ. ವೀಗೊ ಎಂದು ಬರೆದದ್ದು ಅದಕ್ಕೂ ಹಿಂದಿನ ಗಾಡಿಯದು, ಬೇಡ.

ಗಾಡಿಯ ಹತ್ತಿರ ಹೋಗಿ ನೋಡಬೇಕಾದದ್ದು ಇನ್ನೆರಡಿದೆ. ಒಂದು, ಬೆಡ್ ಲೈನರ್, ಅಂದರೆ ಬೆಡ್ಡಿನ ಒಳಮೈಗೆ ಹಾಸುವ ಹೊದಿಕೆ. ಪ್ಲಾಸ್ಟಿಕ್ ಲೈನರಿನ ಅಂಚು ಬೆಡ್ಡಿನ ಗೋಡೆಯ ತುದಿಯನ್ನು ಹತ್ತಿ ಮೇಲೆ ಮಡಚಿಕೊಂಡಿದ್ದರೆ ಕವರಿನ ಕ್ಲಾಂಪಿಗೆ ಹಿಡಿಯಲು ತಗಡೇ ಸಿಗುವುದಿಲ್ಲ. ಪ್ಲಾಸ್ಟಿಕ್ಕನ್ನೇ ಹಿಡಿದು ಬಿಗಿದರೆ ಬಿಸಿಲಿಗೆ ಅದು ಮೆತ್ತಗಾಗಿ, ಒಂದೇ ತಿಂಗಳಲ್ಲಿ ಕ್ಲಾಂಪ್ ಸಡಿಲ. ತುದಿಯ ಕೆಳಗೇ ನಿಲ್ಲುವ ಲೈನರ್ ಆದರೆ ತೊಂದರೆ ಇಲ್ಲ, ಇಲ್ಲವಾದರೆ ಕ್ಲಾಂಪ್ ಬರುವ ಜಾಗಗಳಲ್ಲಿ ಲೈನರನ್ನು ಕತ್ತರಿಸಲೇಬೇಕು. ಎರಡು, ರೋಲ್ ಬಾರ್, ಅಂದರೆ ಕ್ಯಾಬಿನ್ ಹಿಂದೆ ಬೆಡ್ಡಿನ ಮೇಲೆ ನಿಲ್ಲುವ ಕಂಬಿಯ ಕಮಾನು. ಅದರ ಕಾಲುಗಳು ಕೂರುವುದು ಕವರಿನ ರೈಲು ಕೂರುವ ಜಾಗದಲ್ಲೇ. ರೋಲ್ ಬಾರ್ ಇರುವ ಗಾಡಿಗೆ ಬೇರೆಯದೇ ಮಾದರಿ ಬರುತ್ತದೆ, ಅದನ್ನು ಆರ್ಡರಿನಲ್ಲೇ ಬರೆಸಿ. ಕವರ್ ಬಂದ ಮೇಲೆ ರೈಲು ಕತ್ತರಿಸಿ ಹೊಂದಿಸುತ್ತೇವೆ ಎನ್ನುವ ಅಂಗಡಿಗೆ ಒಪ್ಪಬೇಡಿ. ಕತ್ತರಿಸಿದ ಜಾಗದಲ್ಲಿ ಸೀಲ್ ತುಂಡಾಗುತ್ತದೆ, ಅಲ್ಲಿಂದ ಆಮೇಲೆ ನೀರು ನಿಲ್ಲಿಸಲು ಆಗುವುದಿಲ್ಲ.

ಸಾಫ್ಟ್ ಕವರ್

ಸಾಫ್ಟ್‌ನಲ್ಲಿ ಮೂರು ಬಗೆ. ಗುಂಡಿ ಒತ್ತಿ ಅಥವಾ ಎಲಾಸ್ಟಿಕ್ ಹಗ್ಗ ಸಿಕ್ಕಿಸಿ ಕಟ್ಟುವುದು, ಚಾಪೆಯ ಹಾಗೆ ಸುತ್ತುವ ರೋಲ್-ಅಪ್, ಮೂರು ಮಡಿಕೆಯಾಗುವ ಟ್ರೈ-ಫೋಲ್ಡ್. ಗುಂಡಿಯದನ್ನು ಈಗಲೇ ಪಟ್ಟಿಯಿಂದ ತೆಗೆಯಬಹುದು. ವಿನೈಲ್ ಚಳಿಗೆ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಡಿಸೆಂಬರಿನ ಬೆಳಗ್ಗೆ ಸಕಲೇಶಪುರದಲ್ಲಿ ಗುಂಡಿ ಎಳೆದು ಹಾಕಲು ಬೆರಳು ನೋಯುತ್ತದೆ, ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಅದೇ ಬಟ್ಟೆ ಜೋತುಬೀಳುತ್ತದೆ. ಅದೂ ಅಲ್ಲದೆ ಅದನ್ನು ಹೊರಗಿನಿಂದ ಯಾರು ಬೇಕಾದರೂ ಬಿಚ್ಚಬಹುದು.

ರೋಲ್-ಅಪ್ ಈ ಮೂರರಲ್ಲಿ ಒಳ್ಳೆಯದು. ಬೆಡ್ಡಿನ ಎರಡೂ ಬದಿಗೆ ಅಲ್ಯೂಮಿನಿಯಂ ರೈಲು, ಅಡ್ಡಕ್ಕೆ ಮೂರೋ ನಾಲ್ಕೋ ಬಿಲ್ಲುಪಟ್ಟಿ, ಮೇಲೆ ಬಟ್ಟೆ. ಬದಿಗಳನ್ನು ಹಿಡಿಯುವುದು ವೆಲ್ಕ್ರೋ, ಟೈಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಹತ್ತಿರ ಒಂದು ಅಡ್ಡಪಟ್ಟಿಯ ಲಾಚ್. ಒಟ್ಟು ತೂಕ ಸುಮಾರು 12ರಿಂದ 20 ಕೆ.ಜಿ. ಒಬ್ಬರೇ ಅರ್ಧ ನಿಮಿಷದಲ್ಲಿ ಕ್ಯಾಬಿನ್ ಕಡೆಗೆ ಸುತ್ತಿ ಎರಡು ಪಟ್ಟಿಯಲ್ಲಿ ಕಟ್ಟಿದರೆ ಬೆಡ್ಡು ಹೆಚ್ಚುಕಡಿಮೆ ಪೂರ್ತಿ ತೆರೆದುಕೊಳ್ಳುತ್ತದೆ, ಹಾಗೆಯೇ ಗಾಡಿ ಓಡಿಸಬಹುದು, ಹಿಂದಿನ ಗಾಜೂ ಮುಚ್ಚುವುದಿಲ್ಲ. ಬಾಳೆಗೊನೆ, ಫ್ರಿಜ್ಜು, ಬೈಕು, ಹುಲ್ಲಿನ ಹೊರೆ ಎಂದು ಎತ್ತರದ ಸಾಮಾನು ಆಗಾಗ ಹೇರುವವರಿಗೆ ಈ ಒಂದು ಗುಣವೇ ಸಾಕು. ಟ್ರೈ-ಫೋಲ್ಡ್ ಕೂಡ ಸಲೀಸು, ಆದರೆ ಮಡಚಿದಾಗ ಮೂರು ಪದರದ ಕಟ್ಟು ಬೆಡ್ಡಿನ ಮುಂಭಾಗದ ಮೂರನೇ ಒಂದು ಪಾಲನ್ನು ಮುಚ್ಚಿಕೊಂಡೇ ಕೂರುತ್ತದೆ. ಪೂರ್ತಿ ಜಾಗ ಬೇಕೆಂದರೆ ಕವರನ್ನೇ ಇಳಿಸಬೇಕು.

ಬಟ್ಟೆಯ ಬಗ್ಗೆ ಅಂಗಡಿಯಲ್ಲಿ ಸರಿಯಾಗಿ ವಿಚಾರಿಸಿ. ಪಾಲಿಯೆಸ್ಟರ್ ನೆಯ್ಗೆಯ ಮೇಲೆ ಎರಡೂ ಕಡೆ ಪಿವಿಸಿ ಲೇಪ ಇರಬೇಕು, ಚದರ ಮೀಟರಿಗೆ 600 ಗ್ರಾಂಗಿಂತ ಕಡಿಮೆ ಇರಬಾರದು. ಉಗುರಿನಿಂದ ಅಂಚನ್ನು ಕೆರೆದಾಗ ಲೇಪ ಪದರವಾಗಿ ಏಳುವಂತಿದ್ದರೆ ಬಿಟ್ಟುಬಿಡಿ. ಜೋಡಣೆಗಳು ಬಿಸಿಯಲ್ಲಿ ಅಂಟಿಸಿದವಾದರೆ ಉತ್ತಮ. ಬರೀ ಹೊಲಿಗೆಯಾದರೆ ಸೂಜಿ ತೂತಿನಿಂದಲೇ ನೀರು ತೊಟ್ಟಿಕ್ಕುತ್ತದೆ. ಹೊಲಿಗೆಗೆ ಹತ್ತಿ ನೂಲು ಇದ್ದರೆ ಎರಡೇ ಮಳೆಗಾಲಕ್ಕೆ ಕೊಳೆಯುತ್ತದೆ, ಪಾಲಿಯೆಸ್ಟರ್ ನೂಲೇ ಬೇಕು.

ಸಾಫ್ಟ್ ಕವರ್ ಸಾಯುವುದು ಎರಡು ರೀತಿಯಲ್ಲಿ. ಮೊದಲನೆಯದು ಹೊಟ್ಟೆ ಬೀಳುವುದು. ಎರಡು ಬಿಲ್ಲುಪಟ್ಟಿಗಳ ನಡುವೆ ಬಟ್ಟೆ ಒಂದು ಸೆಂ.ಮೀ. ಜೋತರೆ ಸಾಕು, ನೀರು ನಿಲ್ಲುತ್ತದೆ. ಒಂದು ಮೀಟರ್ ಅಗಲ, 30 ಸೆಂ.ಮೀ. ಉದ್ದದ ಜಾಗದಲ್ಲಿ ಒಂದು ಸೆಂ.ಮೀ. ನೀರು ನಿಂತರೂ ಅದು ಮೂರು ಲೀಟರ್, ಅಂದರೆ ಮೂರು ಕೆ.ಜಿ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಹಿಗ್ಗುತ್ತದೆ, ಮಾರನೇ ದಿನ ಆರು ಲೀಟರ್ ನಿಲ್ಲುತ್ತದೆ. ಅದಕ್ಕೇ ಬಿಗಿತ ಹೊಂದಿಸುವ ತಿರುಪು ಇರುವ ಕವರನ್ನೇ ಕೊಳ್ಳಬೇಕು. ಮುಂಭಾಗದ ಪಟ್ಟಿಯ ಒಳಗೆ ಎರಡೂ ಬದಿಗೆ ಒಂದೊಂದು ತಿರುಪು ಇರುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಅರ್ಧ ಸುತ್ತು ಬಿಗಿಮಾಡಿ, ಬಟ್ಟೆಯನ್ನು ಬೆರಳಿನಿಂದ ತಟ್ಟಿದರೆ ತಮಟೆಯಂತೆ ಟಣ್ ಎನ್ನಬೇಕು. ಚಳಿಗಾಲಕ್ಕೆ ಅಷ್ಟೇ ಸಡಿಲ ಬಿಡಿ, ಇಲ್ಲದಿದ್ದರೆ ಕುಗ್ಗಿದ ಬಟ್ಟೆ ಲಾಚಿಗೆ ತಲುಪುವುದೇ ಇಲ್ಲ.

ಎರಡನೆಯದು ವೆಲ್ಕ್ರೋ. ನಮ್ಮ ಕೆಂಪು ಮಣ್ಣಿನ ಧೂಳು ಅದರ ಕೊಕ್ಕೆಗಳ ನಡುವೆ ತುಂಬಿ, ಮೊದಲ ಮಳೆಗೆ ಕೆಸರಾಗಿ, ಒಣಗಿ ಸಿಮೆಂಟಿನಂತೆ ಕೂರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕೊಕ್ಕೆಗಳ ತುದಿಯೇ ಕಾಣುವುದಿಲ್ಲ, ಬರೀ ಮಣ್ಣಿನ ಗಟ್ಟಿ. ಆಗ ಹೆದ್ದಾರಿಯಲ್ಲಿ ಬಟ್ಟೆ ಅಂಚಿನಿಂದ ಎದ್ದು ಪಟಪಟ ಬಡಿಯಲು ಶುರು. "ವೆಲ್ಕ್ರೋ ಹೋಯ್ತು, ಕವರ್ ಬದಲಿಸಿ" ಎಂದರೆ ನಂಬಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು ತೆಗೆದುಕೊಂಡು ರೈಲಿನ ಉದ್ದಕ್ಕೂ ಉಜ್ಜಿ ಒಣಗಿಸಿದರೆ ಹತ್ತರಲ್ಲಿ ಎಂಟು ಸಲ ಮತ್ತೆ ಹಿಡಿಯುತ್ತದೆ. ಧೂಳಿನ ರಸ್ತೆಯಲ್ಲಿ ದಿನಾ ಓಡುವ ಗಾಡಿಗೆ ತಿಂಗಳಿಗೊಮ್ಮೆ ಇದು ಬೇಕೇ ಬೇಕು.

ಹೊಳಪು ಬರಲೆಂದು ವಿನೈಲಿಗೆ ಟೈರ್ ಪಾಲಿಶ್, ಡೀಸೆಲ್, ಎಣ್ಣೆ ಬಳಿಯುವ ಅಭ್ಯಾಸ ಬಿಡಿ. ಪೆಟ್ರೋಲಿಯಂ ಬೆರೆತದ್ದು ಯಾವುದೇ ಆದರೂ ವಿನೈಲನ್ನು ಮೃದುವಾಗಿಡುವ ಅಂಶವನ್ನು ಹೊರಗೆಳೆಯುತ್ತದೆ. ಆರು ತಿಂಗಳಲ್ಲಿ ಬಟ್ಟೆ ಹಪ್ಪಳದಂತಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ನೀರಿನ ಆಧಾರದ, ಅತಿನೇರಳೆ ಕಿರಣ ತಡೆಯುವ ಸ್ಪ್ರೇ ಸಾಕು. ಮಲೆನಾಡಿನಲ್ಲಿ ಮಂಗಗಳು, ಕರಾವಳಿಯಲ್ಲಿ ತೆಂಗಿನ ಗರಿ ಸಾಫ್ಟ್ ಕವರಿನ ಶತ್ರುಗಳು. ಹರಿದರೆ ಒಳಗಿನಿಂದ ಸ್ಪಿರಿಟ್ ಹಾಕಿ ಒರೆಸಿ, ಹರಿದ ಜಾಗದ ಸುತ್ತ 5 ಸೆಂ.ಮೀ. ಹೆಚ್ಚು ಬರುವಂತೆ ವಿನೈಲ್ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ವಿನೈಲ್ ಅಂಟಿನಲ್ಲಿ ಕೂರಿಸಿ ಒಂದು ದಿನ ಬಿಡಿ. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ತೇಪೆ ಏಳುತ್ತದೆ.

ಹಾರ್ಡ್ ಕವರ್

ಇಲ್ಲೂ ಮೂರು: ಅಲ್ಯೂಮಿನಿಯಂ ಹಲಗೆಗಳು ಮಡಚಿಕೊಳ್ಳುವ ಫೋಲ್ಡಿಂಗ್, ಅಂಗಡಿ ಶಟರಿನಂತೆ ಡಬ್ಬದೊಳಗೆ ಸುತ್ತಿಕೊಳ್ಳುವ ರೋಲರ್, ಫೈಬರ್ ಅಥವಾ ಎಬಿಎಸ್ ಪ್ಲಾಸ್ಟಿಕ್ಕಿನ ಒಂದೇ ತುಂಡಿನ ಮುಚ್ಚಳ. ತೂಕ ಫೋಲ್ಡಿಂಗಿಗೆ ಸುಮಾರು 25ರಿಂದ 35 ಕೆ.ಜಿ., ಉಳಿದೆರಡಕ್ಕೆ 35ರಿಂದ 50 ಕೆ.ಜಿ. ಈ ತೂಕ ನಿಮ್ಮ ಗಾಡಿಯ ಹೇರುವ ಮಿತಿಯಿಂದಲೇ ಕಳೆಯುತ್ತದೆ. ಭಾರದ ರೋಲರ್ ಹಾಕಿಸಿದರೆ ಹೆಚ್ಚುಕಡಿಮೆ ಒಂದು ಕಾಫಿ ಮೂಟೆಯ ಲೆಕ್ಕ ಹೋಯಿತು.

ಒಂದೇ ತುಂಡಿನ ಮುಚ್ಚಳ ನೀರು ತಡೆಯುವುದರಲ್ಲಿ ಎಲ್ಲಕ್ಕಿಂತ ಮೇಲು, ಏಕೆಂದರೆ ನಡುವೆ ಜೋಡಣೆಯೇ ಇಲ್ಲ. ನೋಡಲೂ ಚೆಂದ, ಗಾಡಿಯ ಬಣ್ಣಕ್ಕೇ ಪೇಂಟ್ ಸಿಗುತ್ತದೆ. ಆದರೆ ವಿ-ಕ್ರಾಸ್ ಬೆಡ್ಡಿನ ಆಳ ಅರ್ಧ ಮೀಟರಿಗೂ ಕಡಿಮೆ. ಅದಕ್ಕಿಂತ ಎತ್ತರದ್ದು ಏನೇ ಬಂದರೂ ಇಬ್ಬರು ಮೂವರು ಸೇರಿ ಮುಚ್ಚಳ ಎತ್ತಿ ಇಳಿಸಬೇಕು, ಇಳಿಸಿದ್ದನ್ನು ಇಡಲು ಮನೆಯಲ್ಲಿ ಗೋಡೆ ಬೇಕು. ಮುಚ್ಚಳ ಎತ್ತಿಹಿಡಿಯುವ ಗ್ಯಾಸ್ ಕಂಬಿಗಳು ಕೆಲವು ವರ್ಷಕ್ಕೆ ಸೋಲುತ್ತವೆ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ, ಕಂಬಿಯ ಮೈಮೇಲೆ ಅಚ್ಚಾಗಿರುವ ನ್ಯೂಟನ್ ಅಂಕಿ ಮತ್ತು ಪೂರ್ತಿ ಚಾಚಿದ ಉದ್ದ ಎರಡೂ ಹಳೆಯದಕ್ಕೆ ಸಮನಾಗಿರಲಿ. ಒಂದನ್ನೇ ಬದಲಿಸಿದರೆ ಮುಚ್ಚಳ ತಿರುಚಿಕೊಂಡು ಕೀಲಿನ ಹತ್ತಿರ ಫೈಬರ್ ಸೀಳುತ್ತದೆ. ಎತ್ತರದ ಸಾಮಾನು ಹೇರುವುದೇ ಇಲ್ಲ ಎನ್ನುವವರಿಗೆ ಬಿಟ್ಟರೆ ಇದನ್ನು ಶಿಫಾರಸು ಮಾಡುವುದು ಕಷ್ಟ.

ರೋಲರ್ ಎಲ್ಲರ ಕಣ್ಣು ಸೆಳೆಯುತ್ತದೆ. ಡೆನ್ಮಾರ್ಕಿನ ಮೌಂಟನ್ ಟಾಪ್‌ನಂಥ ಕಂಪನಿಗಳ ಕೆಲಸ ನಿಜಕ್ಕೂ ಅಚ್ಚುಕಟ್ಟು. ಬೇಕಾದಷ್ಟೇ ತೆರೆದು ನಿಲ್ಲಿಸಬಹುದು, ಬೀಗ ಅದರಲ್ಲೇ ಇದೆ. ಬೆಲೆ ಮಾತ್ರ ಸಾಫ್ಟ್ ರೋಲ್-ಅಪ್‌ಗಿಂತ ಹಲವು ಪಟ್ಟು. ಬೆಡ್ಡಿನ ಮುಂಭಾಗದಲ್ಲಿ ಅದರ ಡಬ್ಬ 20ರಿಂದ 30 ಸೆಂ.ಮೀ. ಜಾಗ ತಿನ್ನುತ್ತದೆ. ಒಂದೂವರೆ ಮೀಟರ್ ಉದ್ದದ ಬೆಡ್ಡಿನಲ್ಲಿ ಅದು ಹೆಚ್ಚುಕಡಿಮೆ ಆರನೇ ಒಂದು ಪಾಲು. ಡಬ್ಬದ ಕೆಳಗೆ ಸಣ್ಣ ಸಾಮಾನು ತುರುಕಬಹುದು, ಮೂಟೆ ಹೋಗುವುದಿಲ್ಲ. ಕೊಳ್ಳುವವರಿಗೆ ಯಾರೂ ಹೇಳದ ವಿಷಯ ಇನ್ನೊಂದಿದೆ. ರೋಲರ್ ನೀರನ್ನು ಹೊರಗೇ ತಡೆದು ನಿಲ್ಲಿಸುವುದಿಲ್ಲ, ಒಳಗೆ ಬಿಟ್ಟುಕೊಂಡು ಹೊರಗೆ ಸಾಗಿಸುತ್ತದೆ. ಪಟ್ಟಿಗಳ ನಡುವಿನಿಂದ, ಬದಿಯ ಕಾಲುವೆಗಳಿಂದ ಬಂದ ನೀರು ಡಬ್ಬದ ಎರಡು ಮೂಲೆಗೆ ಹರಿದು, ಅಲ್ಲಿಂದ ಬೆರಳು ಗಾತ್ರದ ರಬ್ಬರ್ ಕೊಳವೆಯಲ್ಲಿ ಗಾಡಿಯ ಕೆಳಗೆ ಬೀಳಬೇಕು. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರದಡಿ ಒಂದು ವಾರ ಗಾಡಿ ನಿಂತರೆ ಎಲೆಯ ಚೂರು ಆ ಕೊಳವೆಯ ಬಾಯಿಗೆ ಬಂದು ಕೂರುತ್ತದೆ. ಮೇಲಿಂದ ಮಣ್ಣು ಬಂದು ಬಿರಡೆ ಹಾಕಿದಂತಾಗುತ್ತದೆ. ಆಮೇಲೆ ಡಬ್ಬ ತುಂಬಿ ನೀರು ಬೆಡ್ಡಿನೊಳಗೇ ಸುರಿಯುತ್ತದೆ. ಆಗುಂಬೆಯಂಥ, ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನ ಸುತ್ತಮುತ್ತ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೊಳವೆಗೆ ದೊಡ್ಡ ಸಿರಿಂಜಿನಲ್ಲಿ ನೀರು ಹೊಡೆದು ನೋಡಬೇಕು. ಆ ಶಿಸ್ತು ಆಗದು ಎನ್ನುವವರು ರೋಲರಿನ ಆಸೆ ಬಿಡುವುದು ಒಳ್ಳೆಯದು.

ಬದಿಯ ಕಾಲುವೆಗೆ ಗ್ರೀಸ್, ಎಂಜಿನ್ ಆಯಿಲ್ ಹಚ್ಚುವುದು ಇನ್ನೊಂದು ತಪ್ಪು. ಎಣ್ಣೆಗೆ ಧೂಳು ಅಂಟಿ ಉಪ್ಪುಕಾಗದದಂತಾಗಿ ಪಟ್ಟಿಯ ಅಂಚು ಸವೆಯುತ್ತದೆ. ಮೊದಲು ನೀರು ಹಾಯಿಸಿ ತೊಳೆದು, ಒಣಗಿಸಿ, ಒಣ ಸಿಲಿಕೋನ್ ಅಥವಾ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ತೆಳ್ಳಗೆ ಹೊಡೆಯಿರಿ. ಬಿಗಿಯಾದ ರೋಲರನ್ನು ಎಳೆದಾಡಿ ಸ್ಪ್ರಿಂಗ್ ಮುರಿದರೆ ಡಬ್ಬವನ್ನೇ ಬಿಚ್ಚಬೇಕಾಗುತ್ತದೆ.

ಹಾರ್ಡ್ ಬೇಕು ಎನ್ನುವ ಬಹಳ ಜನರಿಗೆ ಸರಿಹೊಂದುವುದು ಫೋಲ್ಡಿಂಗ್. ಹಲಗೆಗಳ ನಡುವೆ ರಬ್ಬರ್ ಕೀಲು, ಕೆಳಗೆ ಲಾಚ್, ಎಲ್ಲ ಮಡಚಿ ಹಿಂದಿನ ಗಾಜಿನ ಹತ್ತಿರ ನಿಲ್ಲಿಸಿ ಕಂಬಿ ಕೊಟ್ಟು ಓಡಿಸಬಹುದಾದ ಮಾದರಿಗಳಿವೆ. ಗಾಜು ಪೂರ್ತಿ ಮುಚ್ಚುತ್ತದೆ, ಆಗ ಬದಿಯ ಕನ್ನಡಿಗಳೇ ಗತಿ ಎನ್ನುವುದು ನೆನಪಿರಲಿ. ಈ ಕಂಬಿ ಇಲ್ಲದ ಮಾದರಿಯನ್ನು ಅರ್ಧ ಮಡಚಿಕೊಂಡು ಹೋಗುವಾಗ ಪಟ್ಟಿಯಿಂದ ಕಟ್ಟಲೇಬೇಕು, ಗಾಳಿ ಹಲಗೆಯನ್ನು ಎತ್ತಿ ಕೀಲು ಹರಿಯುತ್ತದೆ. "ಮೇಲೆ 180 ಕೆ.ಜಿ. ಹೇರಬಹುದು" ಎಂಬ ಮಾತು ಕೇಳುತ್ತೀರಿ. ಒಳ್ಳೆಯ ಫೋಲ್ಡಿಂಗ್ ಕವರುಗಳಿಗೆ ತಯಾರಕರು ಆ ಆಸುಪಾಸಿನ ಅಂಕಿ ಕೊಡುವುದು ನಿಜ, ಆದರೆ ಅದು ಇಡೀ ಮೇಲ್ಮೈಗೆ ಸಮನಾಗಿ ಹಂಚಿದ ಭಾರಕ್ಕೆ. 70 ಕೆ.ಜಿ. ತೂಕದ ಮನುಷ್ಯ ಒಂದು ಹಿಮ್ಮಡಿ ಊರಿದರೆ ಹಲಗೆ ತಗ್ಗು ಬೀಳುತ್ತದೆ, ಆ ತಗ್ಗಿನಿಂದ ಸೀಲ್ ಶಾಶ್ವತವಾಗಿ ಕೂರುವುದಿಲ್ಲ.

ನೀರು ಬರುವ ದಾರಿ

ಕವರ್ ಯಾವುದೇ ಇರಲಿ, ನೀರು ಹೆಚ್ಚಾಗಿ ಬರುವ ಜಾಗ ಎರಡು: ಮುಂದಿನ ಎರಡು ಮೂಲೆ, ಹಿಂದಿನ ಟೈಲ್‌ಗೇಟ್.

ಮುಂದಿನ ಮೂಲೆಯನ್ನು ಹತ್ತಿರದಿಂದ ನೋಡಿ. ಕ್ಯಾಬಿನಿನ ಮಾಡು, ಹಿಂದಿನ ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಇಳಿಯುವುದು ಬೆಡ್ಡಿನ ಮುಂಗೋಡೆಯ ತುದಿಗೆ. ಅಲ್ಲಿರುವ ರಬ್ಬರ್ ಸೀಲ್ ಅದನ್ನು ತಡೆದು ಎಡಕ್ಕೆ ಬಲಕ್ಕೆ ದೂಡುತ್ತದೆ. ಮುಂದಿನ ಸೀಲ್ ಮುಗಿದು ಬದಿಯ ರೈಲು ಶುರುವಾಗುವಲ್ಲಿ ಮೂರು ನಾಲ್ಕು ಮಿ.ಮೀ. ಸಂದು ಇರುತ್ತದೆ. ಇಡೀ ಮಾಡಿನ ನೀರು ಆ ಸಂದಿಗೆ ಬರುತ್ತದೆ. ಕವರಿನ ಜೊತೆ ಬರುವ ಪುಟ್ಟ ಸ್ಪಂಜಿನ ತುಂಡುಗಳು ಇದಕ್ಕೇ ಇರುವುದು, ಬೇಡದ ವಸ್ತು ಎಂದು ಫಿಟ್ಟರುಗಳು ಎಸೆಯುವುದೂ ಅವನ್ನೇ. ಇಲ್ಲದಿದ್ದರೆ ಇಪಿಡಿಎಂ ಎಂಬ ರಬ್ಬರಿನ ಫೋಮ್ 3 ಸೆಂ.ಮೀ. ಕತ್ತರಿಸಿ ತುರುಕಿ, ಮೇಲೆ ನ್ಯೂಟ್ರಲ್ ಸಿಲಿಕೋನ್ ಹಚ್ಚಿ. ವಿನಿಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಬೇಡ, ಅದು ಒಣಗುವಾಗ ಬಿಡುವ ಆಮ್ಲ ತಗಡನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ಟೈಲ್‌ಗೇಟಿನದು ಬೇರೆ ಕಥೆ. ಬೆಡ್ಡಿನೊಳಗೆ ಬಿದ್ದ ನೀರು ಹರಿದುಹೋಗಲೆಂದೇ ಕಾರ್ಖಾನೆಯಲ್ಲಿ ಅದರ ಬದಿಗಳಲ್ಲೂ ಕೆಳಗೂ ಸಂದು ಬಿಟ್ಟಿರುತ್ತಾರೆ. ಕವರ್ ಹಾಕಿದ ಮೇಲೆ ಅದೇ ಸಂದು ಧೂಳಿನ ಬಾಗಿಲಾಗುತ್ತದೆ. ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಚಕ್ರ ಎಬ್ಬಿಸಿದ ಧೂಳೆಲ್ಲ ಅಲ್ಲಿ ಸುತ್ತುತ್ತಿರುತ್ತದೆ, ಸಂದು ಸಿಕ್ಕಿದಲ್ಲಿ ಒಳಗೆ ನುಗ್ಗುತ್ತದೆ. ಹತ್ತು ಕಿ.ಮೀ. ಮಣ್ಣು ರಸ್ತೆಗೆ ಒಳಗಿಟ್ಟ ಸೂಟ್‌ಕೇಸು ಕೆಂಪಾಗುವುದು ಇದರಿಂದಲೇ, ಅದಕ್ಕೆ ಕವರನ್ನು ಬೈದು ಫಲವಿಲ್ಲ. ಟೈಲ್‌ಗೇಟ್ ಸೀಲ್ ಎಂದು ಪ್ರತ್ಯೇಕ ರಬ್ಬರ್ ಸುರುಳಿ ಸಿಗುತ್ತದೆ. ಮೂರು ಮೀಟರ್ ಬೇಕಾಗುತ್ತದೆ, ಅಳೆದೇ ಕೊಳ್ಳಿ. ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಿಸಿಲಿರುವ ದಿನ ಅಂಟಿಸಿ, ಒಂದು ರಾತ್ರಿ ಟೈಲ್‌ಗೇಟ್ ಮುಚ್ಚಿಡಿ. ಮಳೆಯ ದಿನ ತೇವದ ಮೇಲೆ ಅಂಟಿಸಿದ್ದು ವಾರದಲ್ಲಿ ಕಳಚಿ ನೇತಾಡುತ್ತದೆ. ಬೆಡ್ಡಿನ ತಳದಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಅವು ಮುಚ್ಚಿದರೆ ಲೈನರಿನ ಕೆಳಗೆ ನೀರು ನಿಂತು, ಮೇಲಿಂದ ಏನೂ ಕಾಣದೆ, ಬೆಡ್ಡು ತಳದಿಂದ ತುಕ್ಕು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಸಾಫ್ಟ್ ಆಗಲಿ ಹಾರ್ಡ್ ಆಗಲಿ ನೂರಕ್ಕೆ ನೂರು ನೀರು ತಡೆಯುವುದಿಲ್ಲ. ಶೇ 10ರ ತೇವಾಂಶಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ, ಕಾಳುಮೆಣಸು, ರಸಗೊಬ್ಬರ ಸಾಗಿಸುವಾಗ ಕವರಿನ ಕೆಳಗೂ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೂಟೆಗಳನ್ನು ಮರದ ಪಟ್ಟಿಗಳ ಮೇಲೆ ಇಡಿ. ಜುಲೈ ತಿಂಗಳಲ್ಲಿ ಮುಚ್ಚಿದ ಬೆಡ್ಡಿನೊಳಗಿನ ಗಾಳಿಯೇ ತೇವ, ಒಂದು ರಾತ್ರಿ ಇಟ್ಟರೂ ಒಣಗಿದ ಕಾಫಿ ತೇವ ಎಳೆದುಕೊಳ್ಳುತ್ತದೆ.

ಕಳ್ಳತನ

ಹಾರ್ಡ್ ಕೊಳ್ಳುವ ಬಹುಪಾಲು ಜನರ ಮನಸ್ಸಿನಲ್ಲಿರುವುದು ಇದೇ. ಹಾರ್ಡ್ ಫೋಲ್ಡಿಂಗಿನ ಲಾಚ್ ಇರುವುದು ಒಳಗಡೆ, ಟೈಲ್‌ಗೇಟ್ ತೆರೆದರೆ ಮಾತ್ರ ಕೈಗೆ ಸಿಗುತ್ತದೆ. ಅಂದರೆ ನಿಮ್ಮ ದುಬಾರಿ ಕವರಿನ ಬೀಗ ಟೈಲ್‌ಗೇಟೇ. ಅದಕ್ಕೆ ಕೀಲಿ ಇದೆಯೇ, ಸೆಂಟ್ರಲ್ ಲಾಕ್ ಒತ್ತಿದಾಗ ಅದೂ ಬೀಳುತ್ತದೆಯೇ ಎಂದು ನಿಮ್ಮ ಗಾಡಿಯಲ್ಲಿ ಇವತ್ತೇ ಒತ್ತಿ ನೋಡಿ. ಬೀಳದಿದ್ದರೆ ಮೊದಲ ಖರ್ಚು ಟೈಲ್‌ಗೇಟ್ ಬೀಗಕ್ಕೆ, ಕವರ್ ಆಮೇಲೆ. ಒಳ್ಳೆಯ ಸಾಫ್ಟ್ ರೋಲ್-ಅಪ್‌ನ ಲಾಚೂ ಒಳಗೇ ಇರುತ್ತದೆ, ಕೈಯಲ್ಲಿ ಎತ್ತಿ ತೆಗೆಯಲು ಆಗದು. ಬ್ಲೇಡಿಗೆ ಮಾತ್ರ ಬಟ್ಟೆ ನಿಲ್ಲುವುದಿಲ್ಲ. ಲ್ಯಾಪ್‌ಟಾಪು, ಕ್ಯಾಮೆರಾ, ಡ್ರಿಲ್ ಮೆಷಿನ್ನು ರಾತ್ರಿ ಬೆಡ್ಡಿನಲ್ಲೇ ಬಿಡುವವರಿಗೆ ಹಾರ್ಡ್ ಬೇಕು. ಏನಿದೆ ಎಂದು ಕಣ್ಣಿಗೆ ಬೀಳದಿದ್ದರೆ ಸಾಕು ಎನ್ನುವವರಿಗೆ ಸಾಫ್ಟ್ ಸಾಕು.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೆ ದುಡ್ಡು ಹಾಕಬೇಡಿ. ಟೈಲ್‌ಗೇಟ್ ಮುಚ್ಚಿದ ಖಾಲಿ ಬೆಡ್ಡಿನಲ್ಲಿ ಗಾಳಿ ತಾನೇ ಸುರುಳಿಯಾಗಿ ತುಂಬಿಕೊಂಡು ಮೇಲಿನ ಗಾಳಿಗೆ ದಾರಿ ಮಾಡಿಕೊಡುತ್ತದೆ. ಕವರಿನಿಂದ ಸಿಗುವ ಲಾಭ ಹೆದ್ದಾರಿಯ ವೇಗದಲ್ಲೂ ಸಣ್ಣದು, ಊರೊಳಗೆ ಇಲ್ಲವೇ ಇಲ್ಲ.

ಕೂರಿಸುವ ಕೆಲಸ

ಎರಡೂ ಬಗೆಯ ಕವರುಗಳು ಕ್ಲಾಂಪಿನಲ್ಲೇ ನಿಲ್ಲುತ್ತವೆ, ಬೆಡ್ಡಿಗೆ ತೂತು ಕೊರೆಯುವ ಅಗತ್ಯವಿಲ್ಲ. ರೋಲರಿನ ಕೊಳವೆಗೆ ಮಾತ್ರ ಕೆಲವೊಮ್ಮೆ ತೂತು ಬೇಕಾಗುತ್ತದೆ, ಕೊರೆದ ಅಂಚಿಗೆ ಅಲ್ಲೇ ಪ್ರೈಮರ್ ಹಚ್ಚಿಸಿ. ಆರ್‌ಸಿಯಲ್ಲಿ ದಾಖಲಾದ ವಿವರಗಳು ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಬಿಚ್ಚಿ ತೆಗೆಯಬಹುದಾದ, ನಂಬರ್ ಪ್ಲೇಟು ಮತ್ತು ಬ್ರೇಕ್ ದೀಪ ಮುಚ್ಚದ ಕವರೇ ಇಟ್ಟುಕೊಳ್ಳಿ. ಶೋರೂಮಿನ ಅಕ್ಸೆಸರಿ ಪಟ್ಟಿಯಲ್ಲಿ ಸಿಕ್ಕಿದರೆ ವಾರಂಟಿಯ ತಲೆನೋವೂ ತಪ್ಪುತ್ತದೆ.

ಮೊದಲು ಬೆಡ್ಡಿನ ಎರಡು ಕರ್ಣ ಅಳೆಯಿರಿ. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆ, ಮುಂದಿನ ಬಲದಿಂದ ಹಿಂದಿನ ಎಡ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಡ್ಡು ಎಲ್ಲೋ ಏಟು ತಿಂದಿದೆ. ಸಾಫ್ಟ್ ಕವರ್ ಅದನ್ನು ಸಹಿಸಿಕೊಳ್ಳುತ್ತದೆ, ಹಾರ್ಡ್ ಸಹಿಸುವುದಿಲ್ಲ, ಒಂದು ಮೂಲೆ ಎದ್ದೇ ನಿಲ್ಲುತ್ತದೆ. ಹಳೆಯ ಗಾಡಿ ಕೊಂಡವರು ಇದನ್ನು ನೋಡದೆ ಹಾರ್ಡ್ ಆರ್ಡರ್ ಮಾಡಬಾರದು. ಆಮೇಲೆ ಕ್ಲಾಂಪ್ ಹಿಡಿಯುವ ಜಾಗಕ್ಕೆ ದಪ್ಪ ಪಾರದರ್ಶಕ ಟೇಪು ಅಂಟಿಸಿ. ಪೇಂಟು ಕೆರೆದುಹೋಗಿ ಅಲ್ಯೂಮಿನಿಯಂ ನೇರ ಕಬ್ಬಿಣಕ್ಕೆ ತಾಗಿದರೆ, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಆ ಜೋಡಿ ಬೇಗ ಕೊರೆತಕ್ಕೆ ಸಿಗುತ್ತದೆ. ಸ್ಟೇನ್‌ಲೆಸ್ ಬೋಲ್ಟಿನ ಹಲ್ಲಿಗೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚದಿದ್ದರೆ ಅಲ್ಯೂಮಿನಿಯಂ ರೈಲಿನೊಳಗೇ ಕಚ್ಚಿ ಕೂತು, ಬಿಚ್ಚುವಾಗ ತಲೆ ಮುರಿಯುತ್ತದೆ.

ಎರಡೂ ರೈಲನ್ನು ಸಡಿಲವಾಗಿ ಕೂರಿಸಿ, ಮುಂದೆ, ನಡುವೆ, ಹಿಂದೆ ಮೂರು ಕಡೆ ಅಗಲ ಅಳೆದು ಸಮ ಬಂದ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯಿರಿ. ಕೈಪಿಡಿ ಹೇಳಿದ ಬಿಗಿತ (ಟಾರ್ಕ್) ಮೀರಬೇಡಿ, ಬೋಲ್ಟ್ ಬಿಗಿಯುವ ಗನ್ನಿನಲ್ಲಿ ಬಿಗಿದರೆ ಬೆಡ್ಡಿನ ತುದಿ ಒಳಕ್ಕೆ ಮಡಚುತ್ತದೆ. ಇನ್ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿತ ನೋಡಿ. ಸೀಲ್ ಕೂತಿದೆಯೋ ಇಲ್ಲವೋ ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಸೀಲಿನ ಕೆಳಗೆ ಇಟ್ಟು ಕವರ್ ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಒತ್ತಡ ಇಲ್ಲ. ಕೊನೆಗೆ ಬೆಡ್ಡಿನ ತುಂಬ ಹಳೇ ಪೇಪರು ಹಾಸಿ ಕವರ್ ಮುಚ್ಚಿ, ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ. ತೆಗೆದು ನೋಡಿದರೆ ಒದ್ದೆಯಾದ ಹಾಳೆಯೇ ಸೋರುವ ಜಾಗ ತೋರಿಸುತ್ತದೆ. ಈ ಪರೀಕ್ಷೆ ಅಂಗಡಿಯ ಅಂಗಳದಲ್ಲೇ ಆಗಲಿ, ಬಿಲ್ ಕಟ್ಟುವ ಮೊದಲು. ಬದಲಿ ಸೀಲ್, ಕ್ಲಾಂಪ್, ಲಾಚಿನ ಕೇಬಲ್, ಕೀಲಿನ ರಬ್ಬರ್ ಬಿಡಿಯಾಗಿ ಸಿಗುತ್ತದೆಯೇ ಎಂದೂ ಅಲ್ಲೇ ಕೇಳಿ. ಬಿಡಿಭಾಗ ಸಿಗದ ಹಾರ್ಡ್ ಕವರಿಗಿಂತ ಬಿಡಿಭಾಗ ಸಿಗುವ ಸಾಫ್ಟ್ ಕವರ್ ಹೆಚ್ಚು ವರ್ಷ ಬಾಳುತ್ತದೆ.

ಪೆಟ್ರೋಲ್ ಕ್ಯಾನು, ಗ್ಯಾಸ್ ಸಿಲಿಂಡರು, ಕೀಟನಾಶಕದ ಡಬ್ಬಗಳನ್ನು ಮುಚ್ಚಿದ ಕವರಿನ ಕೆಳಗೆ ಸಾಗಿಸಬೇಡಿ, ಆವಿ ಹೊರಗೆ ಹೋಗಲು ದಾರಿಯಿಲ್ಲ. ನಾಯಿಯನ್ನಂತೂ ಒಂದು ನಿಮಿಷವೂ ಬೇಡ, ಬಿಸಿಲಲ್ಲಿ ಕಪ್ಪು ಕವರಿನ ಒಳಗೆ ಒಲೆಯ ಶಾಖ.

ಯಾರಿಗೆ ಯಾವುದು

ತೋಟ, ಹೊಲ, ಕಟ್ಟಡದ ಕೆಲಸಕ್ಕೆ ಗಾಡಿ ಇರುವವರು, ವಾರಕ್ಕೆ ಎರಡು ಸಲವಾದರೂ ಎತ್ತರದ ಸಾಮಾನು ಹೇರುವವರು ಸಾಫ್ಟ್ ರೋಲ್-ಅಪ್ ಹಾಕಿಸಿಕೊಳ್ಳಿ, ಉಳಿದ ದುಡ್ಡಿನಲ್ಲಿ ಟೈಲ್‌ಗೇಟ್ ಸೀಲ್ ಮತ್ತು ಬೀಗ. ಬೆಂಗಳೂರು, ಮೈಸೂರಿನಲ್ಲಿದ್ದು ರಜೆಗೆ ಲಗೇಜು ತುಂಬಿಕೊಂಡು ಹೊರಡುವವರಿಗೆ, ರಸ್ತೆಬದಿ ಗಾಡಿ ನಿಲ್ಲಿಸುವವರಿಗೆ ಅಲ್ಯೂಮಿನಿಯಂ ಫೋಲ್ಡಿಂಗ್. ಬಯಲುಸೀಮೆಯಲ್ಲಿದ್ದು, ಮನೆಯಲ್ಲಿ ಶೆಡ್ಡು ಇದ್ದು, ತೊಳೆದು ನೋಡಿಕೊಳ್ಳುವ ತಾಳ್ಮೆಯಿರುವವರಿಗೆ ರೋಲರ್ ಖುಷಿ ಕೊಡುತ್ತದೆ.

ಬೆಡ್ಡು ಸದಾ ಅಂಚು ಮೀರಿ ತುಂಬಿರುವ ಗಾಡಿಗೆ ಈ ಯಾವುದೂ ಬೇಡ, ಒಳ್ಳೆಯ ಟಾರ್ಪಾಲ್ ಹೊಲಿಸಿ. ಚದರ ಮೀಟರಿಗೆ 650 ಗ್ರಾಂ (650 ಜಿಎಸ್‌ಎಂ) ತೂಗುವ ಪಿವಿಸಿ ಲೇಪದ ಬಟ್ಟೆ, ನಾಲ್ಕೂ ಬದಿ 5 ಸೆಂ.ಮೀ. ಮಡಚಿ ಒಳಗೆ ನೈಲಾನ್ ಹಗ್ಗ ಹಾಯಿಸಿದ ಅಂಚು, ಪ್ರತಿ 30 ಸೆಂ.ಮೀ.ಗೆ ಒಂದು ಹಿತ್ತಾಳೆಯ ಐಲೆಟ್, ಬೆಡ್ಡಿನ ಗೋಡೆಯಿಂದ ಹೊರಗೆ ಕನಿಷ್ಠ 25 ಸೆಂ.ಮೀ. ಇಳಿಬೀಳುವ ಅಳತೆ. ಕಬ್ಬಿಣದ ಐಲೆಟ್ ಹಾಕಿದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಸುತ್ತಲ ಬಟ್ಟೆಯನ್ನು ತಿನ್ನುತ್ತದೆ, ಹೊಲಿಯುವವರ ಮುಂದೆ ನಿಂತು ಹಿತ್ತಾಳೆಯದೇ ಹಾಕಿಸಿ.